ಏಣಿಯಿಂದ ಜಾರಿ ಉಳುಕಿದ ಕಾಲು: ಎಕ್ಸ್‌ರೇಯೋ, ಎಣ್ಣೆಯೋ?

ಸೋಮವಾರಪೇಟೆ ಬೆಳೆಗಾರ: ಮೆಣಸು ಕೊಯ್ಯುವಾಗ ನಮ್ಮ ತೋಟದ ಕಾರ್ಮಿಕ ಏಣಿಯಿಂದ ಜಾರಿದ. ಪಾದ ಒಳಕ್ಕೆ ಹೊರಳಿ ಹರಡು ಊದಿದೆ. ಎಣ್ಣೆ ತಿಕ್ಕಿ ಕಟ್ಟು ಹಾಕಿಸಿದರೆ ಸಾಕು ಎನ್ನುವುದು ನನ್ನ ಮಾತು, ಮಗಳದು ಎಕ್ಸ್‌ರೇ ಹಟ. ಊದಿದ ಕಾಲಿಗೆಲ್ಲ ಮಡಿಕೇರಿಗೆ ಓಡಬೇಕೇ?

ಫಿಸಿಯೋಥೆರಪಿಸ್ಟ್: ಎಲ್ಲಕ್ಕೂ ಬೇಡ ಸರ್. ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಪ್ರಕಟಿಸಿದ ನಿಯಮವೊಂದಿದೆ. ಹರಡಿನ ಎರಡೂ ಬದಿಯ ಗಂಟುಗಳ ಹಿಂದಂಚನ್ನು ತುದಿಯಿಂದ 6 ಸೆಂ.ಮೀ. ಮೇಲಿನವರೆಗೆ ಬೆರಳಿನಿಂದ ಒತ್ತಿ ನೋಡಿ. ಮೂಳೆಯ ಮೇಲೆಯೇ ನೋವಿದ್ದರೆ, ಅಥವಾ ಬಿದ್ದಾಗಲೂ ಈಗಲೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್‌ರೇ ತೆಗೆಸಿ. ಪಾದದ ಹೊರ ಅಂಚಿನ ನಡುವೆ, ಕಿರುಬೆರಳಿನ ಸಾಲಿನಲ್ಲಿ ಉಬ್ಬಿರುವ ಮೂಳೆಯನ್ನೂ ಒತ್ತಿ. ಉಳುಕೆಂದು ಸುಮ್ಮನಾದ ಮುರಿತ ಎಷ್ಟೋ ಬಾರಿ ಅಲ್ಲೇ ಇರುತ್ತದೆ.

ಬೆಳೆಗಾರ: ಹರಡಿನಲ್ಲಿ ನೋವಿಲ್ಲ, ಕುಂಟುತ್ತಾ ನಡೆಯುತ್ತಾನೆ. ಕಿರುಬೆರಳಿನ ಸಾಲನ್ನು ಮುಟ್ಟಿದರೆ ಕೂಗುತ್ತಾನೆ. ಸರಿ, ಕರೆದುಕೊಂಡು ಹೋಗುತ್ತೇನೆ. ಆದರೆ ನಾಟಿ ಕಟ್ಟನ್ನು ಹಗುರವಾಗಿ ಕಾಣಬೇಡಿ. ನಮ್ಮ ತಂದೆಯ ಕಾಲು ಅದರಲ್ಲೇ ಕೂಡಿಕೊಂಡಿತು.

ವಿರಾಜಪೇಟೆ ನರ್ಸ್: ಕೂಡಿಕೊಂಡ ಕಾಲುಗಳ ಕಥೆ ಊರೆಲ್ಲ ತಿರುಗುತ್ತದೆ ಅಣ್ಣ. ದಬ್ಬೆ ಬಿಗಿದು ಬೆರಳು ನೀಲಿಗಟ್ಟಿ ಜೋಮು ಹಿಡಿದ ಕಾಲು ಮಾತ್ರ ನಮ್ಮ ವಾರ್ಡಿಗೆ ಬರುತ್ತದೆ. ಯಾರು ಕಟ್ಟಿದರೂ ಬೆರಳ ತುದಿ ಕಾಣುವಂತಿರಲಿ. ನೋವು ತಗ್ಗದೆ ಏರುತ್ತಿದ್ದರೆ ಕಟ್ಟು ಸಡಿಲಿಸಿ ತಕ್ಷಣ ಆಸ್ಪತ್ರೆಗೆ ಬನ್ನಿ, ಬೆಳಗಾಗಲಿ ಎಂದು ಕಾಯಬೇಡಿ. ಮೊದಲ ಎರಡು ಮೂರು ದಿನ ತಿಕ್ಕುವುದಂತೂ ಬೇಡವೇ ಬೇಡ, ಊತ ಹೆಚ್ಚುತ್ತದೆ.

ಗೋಣಿಕೊಪ್ಪ ಹಾಕಿ ಆಟಗಾರ: ನನ್ನದು ಬರೀ ಉಳುಕು, ಎಕ್ಸ್‌ರೇಯಲ್ಲಿ ಮುರಿತವಿಲ್ಲ. ಏಪ್ರಿಲ್‌ನಲ್ಲಿ ಕುಟುಂಬಗಳ ಹಾಕಿ ಪಂದ್ಯಾವಳಿಗೆ ಇಳಿಯಬೇಕು. ಪ್ಲಾಸ್ಟರ್ ಹಾಕಿಸಿದರೆ ಬೇಗ ವಾಸಿಯಾಗುವುದಿಲ್ಲವೇ?

ಫಿಸಿಯೋಥೆರಪಿಸ್ಟ್: ಸಾಧಾರಣ ಉಳುಕಿಗೆ ಪ್ಲಾಸ್ಟರ್ ಹಾಕಿದರೆ ಕೀಲು ಬಿಗಿದುಕೊಳ್ಳುತ್ತದೆ, ಮೀನಖಂಡ ಸೊರಗುತ್ತದೆ. ಬ್ರೇಸ್ ಕಟ್ಟಿ ನೋವು ತಡೆಯುವಷ್ಟು ನಡೆಯಿರಿ. ಒಂಟಿ ಕಾಲಿನಲ್ಲಿ ನಿಲ್ಲುವ ಅಭ್ಯಾಸವನ್ನು ಬಿಡಬೇಡಿ, ಮತ್ತೆ ಮತ್ತೆ ಉಳುಕುವುದು ಅದನ್ನು ಬಿಟ್ಟವರ ಕಾಲೇ.

ನರ್ಸ್: ಹಾಕಿಯವರಿಗೆ ಇನ್ನೊಂದು ಮಾತು. ಓಡುವಾಗ ಹಿಮ್ಮಡಿಯ ಮೇಲೆ ಯಾರೋ ಸ್ಟಿಕ್ಕಿನಿಂದ ಹೊಡೆದಂತಾಗಿ, ತಿರುಗಿ ನೋಡಿದರೆ ಯಾರೂ ಇಲ್ಲದಿದ್ದರೆ ಅದು ಮೀನಖಂಡವನ್ನು ಹಿಮ್ಮಡಿಗೆ ಕೂಡಿಸುವ ಅಕಿಲೀಸ್ ಸ್ನಾಯುರಜ್ಜು ಹರಿದ ಲಕ್ಷಣ. ಬೋರಲು ಮಲಗಿಸಿ ಮೀನಖಂಡ ಹಿಂಡಿದಾಗ ಪಾದ ಬಾಗದಿದ್ದರೆ ಅದೇ ಎಂದು ತಿಳಿಯಿರಿ. ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ.

ಆಟಗಾರ: ಹಾಗಾದರೆ ಶಸ್ತ್ರಚಿಕಿತ್ಸೆಯೇ ಗತಿಯೇ?

ನರ್ಸ್: ಇಲ್ಲ. ಪಾದವನ್ನು ಕೆಳಮುಖವಾಗಿಟ್ಟು, ಅಲುಗದಂತೆ ಹಿಡಿಯುವ ಬೂಟು ತೊಡಿಸಿ ಕೂಡಿಸುವುದೂ ಉಂಟು, ಆದರೆ ಬೇಗ ಬರಬೇಕು. ಆಟ ಮುಗಿಸಿ ಬರುತ್ತೇನೆ ಎನ್ನಬಾರದು.