ಎರೆಹುಳುವಿನ ಲೈಸೊಝೈಮ್: ‘ಕೊಲ್ಲುವ ಕಿಣ್ವ’ ಅನ್ನಬಹುದಾ?

ಗೆಳೆಯರೇ,

ಎರೆಗೊಬ್ಬರ ಮಾಡುವ ರೈತರಿಗಾಗಿ ಒಂದು ಸಣ್ಣ ಪುಸ್ತಿಕೆ ಬರೆಯುತ್ತಿದ್ದೇನೆ. ಎರೆಹುಳು ರೋಗಾಣುಗಳಿಂದ ಹೇಗೆ ಪಾರಾಗುತ್ತದೆ ಅನ್ನುವ ಕಡೆ ಬಂದು ನಿಂತಿದ್ದೇನೆ. ಎರಡು ಮಾತಿಗೆ ನಿಮ್ಮ ಸಹಾಯ ಬೇಕು.

ಎರೆಹುಳು ನಮ್ಮ ಹಾಗೆ ಪ್ರತಿಕಾಯಗಳನ್ನು ತಯಾರಿಸುವುದಿಲ್ಲ. ಅದರ ಮೈಗೋಡೆಗೂ ಕರುಳಿಗೂ ನಡುವೆ ಒಂದು ದ್ರವ ತುಂಬಿರುತ್ತದೆ. ಅದರಲ್ಲಿ ಓಡಾಡುವ ಜೀವಕೋಶಗಳು ಬ್ಯಾಕ್ಟೀರಿಯಾಗಳನ್ನು ನುಂಗುತ್ತವೆ. ಲೈಸೊಝೈಮ್ ಎಂಬ ಕಿಣ್ವ ಇರುವುದೂ ಅಲ್ಲೇ. ಇದೇ ಕೆಲಸ ಮಾಡುವ ಕಿಣ್ವ ನಮ್ಮ ಕಣ್ಣೀರಿನಲ್ಲಿ, ಎಂಜಲಿನಲ್ಲಿ, ಮೊಟ್ಟೆಯ ಬಿಳಿಯಲ್ಲಿ ಕೂಡ ಇದೆ. 1922ರಲ್ಲಿ ಇದಕ್ಕೆ ಹೆಸರಿಟ್ಟವರು ಪೆನಿಸಿಲಿನ್ ಕಂಡುಹಿಡಿದ ವಿಜ್ಞಾನಿ ಅಲೆಕ್ಸಾಂಡರ್ ಫ್ಲೆಮಿಂಗ್.

ಇದನ್ನು ‘ಕೊಲ್ಲುವ ಕಿಣ್ವ’ ಅನ್ನಬಹುದಾ ಅನ್ನುವುದು ಮೊದಲನೆಯ ಮಾತು. ‘ಕಿಣ್ವ’ದ ಬಗ್ಗೆ ನನಗೆ ತಕರಾರಿಲ್ಲ. ಸಂಸ್ಕೃತದಲ್ಲಿ ಅದು ಹೆಂಡವನ್ನು ಹುದುಗಿಸುವ ಹೆಪ್ಪು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅದನ್ನು ಮಾಡುವ ಬಗೆಯೂ ಇದೆ. ‘ಎನ್‌ಝೈಮ್’ ಅನ್ನುವ ಗ್ರೀಕ್ ಮೂಲದ ಪದವೂ ಹುದುಗಿನಿಂದಲೇ ಬಂದದ್ದು. ಎಷ್ಟು ಚೆಂದದ ಹೊಂದಾಣಿಕೆ, ಅಲ್ವಾ?

ತೊಡಕಿರುವುದು ‘ಕೊಲ್ಲುವ’ ಅನ್ನುವುದರಲ್ಲಿ. ಹಾಗೆ ಬರೆದರೆ ಓದುವವರು ವಿಷ ಅಂದುಕೊಳ್ಳುತ್ತಾರೆ. ಲೈಸೊಝೈಮ್ ವಿಷವಲ್ಲ. ಬ್ಯಾಕ್ಟೀರಿಯಾದ ಸುತ್ತ ಸಕ್ಕರೆಯ ಸರಪಳಿಗಳಿಂದ ಕಟ್ಟಿದ ಗೋಡೆ ಇರುತ್ತದೆ. ಈ ಕಿಣ್ವ ಆ ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ತುಂಡರಿಸುತ್ತದೆ. ಗೋಡೆ ಸಡಿಲವಾದ ಮೇಲೆ ಹೊರಗಿನ ನೀರು ಒಳಗೆ ನುಗ್ಗಿ ಬ್ಯಾಕ್ಟೀರಿಯಾ ಒಡೆದು ಹೋಗುತ್ತದೆ. ಲೈಸೊಝೈಮ್ ಹೆಸರಿನಲ್ಲಿ ಅಡಗಿರುವ ‘ಲೈಸಿಸ್’ ಅಂದರೂ ಗ್ರೀಕಿನಲ್ಲಿ ಸಡಿಲಿಸುವುದು, ಬಿಡಿಸುವುದು ಎಂದೇ ಅರ್ಥ. ಇದೇ ಕಿಣ್ವಕ್ಕೆ ಮ್ಯುರಾಮಿಡೇಸ್ ಅಂತ ಇನ್ನೊಂದು ಹೆಸರಿದೆ. ಅದರಲ್ಲಿ ಅಡಗಿರುವುದು ಲ್ಯಾಟಿನ್ನಿನ ‘ಮೂರುಸ್’, ಅಂದರೆ ಗೋಡೆ.

ಹೀಗೆ ಯೋಚಿಸುವಾಗ ನಮ್ಮ ಕಡೆಯ ಮಾತೊಂದು ನೆನಪಾಯಿತು. ಹಳೇ ಮನೆಯನ್ನು ತೆಗೆಸುವಾಗ ‘ಮನೆ ಬಿಚ್ಚಿಸುತ್ತಿದ್ದೇವೆ’ ಅನ್ನುತ್ತೇವೆ. ಕೆಡವುವುದು ಬೇರೆ, ಬಿಚ್ಚುವುದು ಬೇರೆ. ಬಿಚ್ಚುವುದು ಅಂದರೆ ಹೆಂಚು, ತೊಲೆ, ಕಲ್ಲು ಅಂತ ಒಂದೊಂದೇ ಕಳಚುವುದು. ಲೈಸೊಝೈಮ್ ಮಾಡುವುದೂ ಇದನ್ನೇ. ಹಾಗಾಗಿ ‘ಗೋಡೆ ಬಿಚ್ಚುವ ಕಿಣ್ವ’ ಅಂತ ಬರೆದುಕೊಂಡಿದ್ದೇನೆ. ‘ಸೂಕ್ಷ್ಮಜೀವಿನಾಶಕ ಕಿಣ್ವ’ಕ್ಕಿಂತ ಇದು ಜಾಸ್ತಿ ಹೇಳುತ್ತದೆ ಅಂತ ನನ್ನ ನಂಬಿಕೆ.

ಎರಡನೆಯದು, ಮೈಗೋಡೆಗೂ ಕರುಳಿಗೂ ನಡುವಿನ ಆ ದ್ರವದ ಹೆಸರು. ‘ಶರೀರಕುಹರದ ದ್ರವ’ ಅಂದರೆ ತಪ್ಪಲ್ಲ, ಆದರೆ ಹೊಲದಲ್ಲಿ ನಿಂತು ಓದುವವರಿಗೆ ಭಾರ. ‘ಎರೆರಸ’ ಅಂದರೆ ಎರೆಜಲದ ಜೊತೆ ಗೊಂದಲವಾಗುತ್ತದೆ. ಎರೆಜಲ ಹುಳುಗಳಿರುವ ಗೊಬ್ಬರದ ಮೂಲಕ ಇಳಿಸಿದ ನೀರು. ನಾನು ಹೇಳುತ್ತಿರುವುದು ಹುಳುವಿನ ಒಳಗಿನದು. ಎರೆಗೊಬ್ಬರಕ್ಕೆ ಬಳಸುವ ಐಸೀನಿಯಾ ಫೆಟಿಡಾ ಹುಳುವನ್ನು ಚುಚ್ಚಿದರೆ ಬೆನ್ನಿನ ಸಣ್ಣ ರಂಧ್ರಗಳಿಂದ ಹಳದಿ ಬಣ್ಣದ, ಕೆಟ್ಟ ವಾಸನೆಯ ದ್ರವ ಜಿನುಗುತ್ತದಲ್ಲ, ಅದೇ ಇದು. ‘ಫೆಟಿಡಾ’ ಅಂದರೆ ನಾರುವುದು ಅಂತಲೇ ಅರ್ಥ. ಸದ್ಯಕ್ಕೆ ‘ಒಡಲರಸ’ ಅಂತ ಇಟ್ಟಿದ್ದೇನೆ.

ಒಡಲು ಅಂದರೆ ನಿಮ್ಮ ಕಡೆ ಹೊಟ್ಟೆಯಾ, ಇಡೀ ಮೈಯಾ? ಹೊಟ್ಟೆ ಅಂತಲೇ ಆದರೆ ಒಡಲರಸವನ್ನು ಜೀರ್ಣರಸ ಅಂದುಕೊಂಡಾರು. ಹಾಗೆಯೇ ಮನೆ ‘ಬಿಚ್ಚುವುದು’ ಅನ್ನುವ ಮಾತು ಉತ್ತರ ಕರ್ನಾಟಕದಲ್ಲಿ, ಕರಾವಳಿಯಲ್ಲಿ ಇದೆಯಾ? ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ.