ಸಹಾಯ ಬೇಕು: ಹವಾಯಿ ಬಂದೂಕು ತೀರ್ಪು ಯಾರಾದರೂ ಬಿಡಿಸಿ ಹೇಳ್ತೀರಾ?

ಲಾ ಓದಿದವರು ಯಾರಾದರೂ ಇದ್ದೀರಾ? ಕಾಲೇಜಿನ ಸೆಮಿನಾರಿಗೆ ಅಮೆರಿಕದ ಬಂದೂಕು ಕೇಸುಗಳನ್ನು ತಗೊಂಡು ಸಿಕ್ಕಿಹಾಕಿಕೊಂಡಿದ್ದೇನೆ. ಮನೆಯಿಂದಾಚೆಗೂ ಆತ್ಮರಕ್ಷಣೆಗೆ ಪಿಸ್ತೂಲು ಇಟ್ಟುಕೊಂಡು ಓಡಾಡುವ ಹಕ್ಕಿದೆ ಅಂತ 2022ರ ಬ್ರೂಯೆನ್ ಕೇಸಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. 2024ರಲ್ಲಿ ಹವಾಯಿಯ ಸುಪ್ರೀಂ ಕೋರ್ಟ್ ಮಾತ್ರ, ನಮ್ಮ ರಾಜ್ಯ ಸಂವಿಧಾನದಲ್ಲಿ ಅಂಥ ಹಕ್ಕೇ ಇಲ್ಲ ಅಂದುಬಿಟ್ಟಿತು. ಅಮೆರಿಕದ್ದು, ಹವಾಯಿಯದ್ದು, ಎರಡೂ ಸಂವಿಧಾನಗಳಲ್ಲಿ ಆಯುಧ ಇಟ್ಟುಕೊಳ್ಳುವ ಹಕ್ಕಿನ ಸಾಲು ಹೆಚ್ಚುಕಮ್ಮಿ ಒಂದೇ, ನೋಡಿ! ಲೈಸೆನ್ಸ್ ಇಲ್ಲದ ಪಿಸ್ತೂಲು ಹಿಡಿದು ಹವಾಯಿಯ ಮಾವಿ ದ್ವೀಪದ ಬೆಟ್ಟದಲ್ಲಿ ಸಿಕ್ಕಿಬಿದ್ದವನ ಕೇಸದು.

ರಾಜ್ಯದ ಕೋರ್ಟು ತನ್ನ ಸಂವಿಧಾನವನ್ನು ತನಗೆ ತೋಚಿದಂತೆ ಓದಲಿ, ಸರಿ. ಆದರೆ ಫೆಡರಲ್ ಹಕ್ಕು, ಅಂದ್ರೆ ಇಡೀ ದೇಶದ ಸಂವಿಧಾನ ಕೊಟ್ಟ ಹಕ್ಕು, ಅದಕ್ಕಿಂತ ಮೇಲಲ್ವಾ? ಹಾಗಿದ್ದರೆ ಆ ಮಾತಿನಿಂದ ಆರೋಪಿಗೆ ಏನು ವ್ಯತ್ಯಾಸ? ಇನ್ನೊಂದು, 2024ರ ಡಿಸೆಂಬರಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅವನ ಅರ್ಜಿ ತಗೊಳ್ಳಲಿಲ್ಲ. ಕೆಳಗಿನ ವಿಚಾರಣೆ ಮುಗಿದಿರಲಿಲ್ಲ ಅಂತಲಾ, ಅಥವಾ ಹವಾಯಿ ಹೇಳಿದ್ದು ಸರಿ ಅಂತ ಅರ್ಥವಾ? ಸುಮ್ನೆ ಲಿಂಕ್ ಹಾಕಬೇಡಿ, ದಯವಿಟ್ಟು ನಾಲ್ಕು ಸಾಲು ಬರೆಯಿರಿ.