ಮೊಗೆಬಳ್ಳಿ ಒಣಗ್ತಾ ಬಂತು, ಪಕ್ಕದಲ್ಲೇ ಇಬ್ಬಡ್ಲ ಇತ್ತು: ಬೀಜಕ್ಕೆ ಇಡಬಹುದಾ?

ಹಿತ್ಲಮನೆ, ಶಿರಸಿ

ಮಳೆಗಾಲದ ಹಿತ್ತಲು ಮುಗೀತಾ ಬಂತು. ಹೀರೆ ಚೌತಿಯ ಫಲಾವಳಿಗೂ ಆಯ್ತು, ದಿನದ ಅಡುಗೆಗೂ ಆಯ್ತು. ಬೀಜಕ್ಕೆ ಬಿಟ್ಟ ಕಾಯಿ ಚಪ್ಪರದ ಮೇಲೆ ಗಲಗಲ ಅಂತಿವೆ. ಹಾಗಲದ್ದು ಹೇಳೋದೇ ಬೇಡ, ನೊಣ ಚುಚ್ಚಿ ಎಳೆಗಾಯೆಲ್ಲ ಹಳದಿಯಾಗಿ ಉದುರಿತು. ಬೆಂಡೆ ನನಗಿಂತ ಎತ್ತರ, ತುದಿಯ ಕಾಯಿ ಮಂಗನ ಪಾಲು. ಅರಿಶಿನ, ಸುವರ್ಣಗಡ್ಡೆ ಇನ್ನೂ ನೆಲದೊಳಗೇ ಇವೆ.

ಈ ಸಲ ಗೆದ್ದಿದ್ದು ಮೊಗೆಕಾಯಿ, ಅದೇ ಸಾಂಬಾರಿಗೆ ಹಾಕೋ ಮಂಗಳೂರು ಸೌತೆ. ಅತ್ತೆಯ ತವರು ಯಲ್ಲಾಪುರ ಬದಿಯ ಬೀಜ. ಹಸಿರು ಪಟ್ಟೆಯ ಉದ್ದನೆ ಕಾಯಿ, ಬಲಿತ ಮೇಲೆ ಕೇಸರಿ. ಬಾಳೆನಾರಲ್ಲಿ ಕಟ್ಟಿ ಸಾಲಾಗಿ ಜಂತಿಗೆ ತೂಗಿಸಿದ್ದೇನೆ. ನೋಡಿದವರೆಲ್ಲ ಬೀಜ ಕೇಳ್ತಾರೆ. ಆದರೆ ಒಂದು ಬದಿಗೆ ಇಬ್ಬಡ್ಲದ (ಹಣ್ಣಾದಾಗ ಬಿರಿಯೋ ಕರಬೂಜದ ಬಗೆ) ಬಳ್ಳಿ ಇತ್ತು, ಇನ್ನೊಂದು ಬದಿಗೆ ಮುಳ್ಳುಸೌತೆ. ಜೇನ್ನೊಣ ಎಲ್ಲದರ ಮೇಲೂ ಕೂರ್ತಿತ್ತು. ಹುಳಿಯ ರುಚಿ ಏನೂ ಬದಲಾಗಿಲ್ಲ. ಹಾಗಾದ್ರೆ ಬೀಜವೂ ಸರಿಯಿದೆ ಅಂತಲಾ? "ನಾವೆಲ್ಲ ಇಷ್ಟು ಪರೀಕ್ಷೆ ಮಾಡಿದ್ವನೇ?" ಅಂತ ಅತ್ತೆಯ ನಗು.

ಗದ್ದೆಬೈಲು, ಕುಮಟಾ

ತಂಗಿ, ಮುಳ್ಳುಸೌತೆ ಹತ್ರ ಮೊಗೆ ಹಾಕಿದ್ರೆ ಬೆರಕೆ ಆಗೇ ಆಗ್ತದೆ. ನಮ್ಮಲ್ಲಿ ಒಂದು ವರ್ಷ ಮೊಗೆ ಕಹಿ ಬಂದು ಸಾಂಬಾರು ಚೆಲ್ಲಬೇಕಾಯ್ತು.

ಬೀಜಕ್ಕೆ ಕಡೆಗೆ ಉಳಿದ ಸೊಟ್ಟ ಕಾಯಿ ಇಡೂದಲ್ಲ. ಗಟ್ಟಿ ಬಳ್ಳಿಯ ನಡುವಿನ ಚಂದದ ಕಾಯಿ, ತೊಟ್ಟು ಒಣಗಿದ ಮೇಲೇ ಕೊಯ್ಯಬೇಕು. ತಿರುಳು ಸಮೇತ ಒಂದು ರಾತ್ರಿ ಇಟ್ಟು, ಬೆಳಗ್ಗೆ ತಿಕ್ಕಿ ತೊಳೀರಿ. ತೇಲಿದ್ದು ಬಿಸಾಡಿ. ಮುಳುಗಿದ್ದಕ್ಕೆ ಒಲೆಬೂದಿ ಕಲಸಿ ನೆರಳಲ್ಲಿ ಒಣಗಿಸಿ. ಅಮ್ಮ ಸಗಣಿಯಲ್ಲಿ ಮೆತ್ತಿ ಗೋಡೆಗೆ ಹೊಡೀತಿದ್ರು. ಈಗ ಗೋಡೆಗೆ ಪೇಂಟು ಬಂದದೆ, ಸಗಣಿ ಹೊಡೆದ್ರೆ ಸೊಸೆ ಬಿಡ್ತಾಳಾ?

ಕಡಲಗಾಳಿ, ಕಾರವಾರ

ಮುಳ್ಳುಸೌತೆಯ ಮೇಲಿನ ಅಪವಾದ ತೆಗೀರಿ ಮಾರಾಯ್ರೆ. ಶಾಸ್ತ್ರದ ಹೆಸರಲ್ಲಿ ಅದು ಕುಕುಮಿಸ್ ಸಟೈವಸ್, ಜೀವಕೋಶದಲ್ಲಿ ವರ್ಣತಂತು (ಕ್ರೋಮೋಸೋಮ್) 14. ಮೊಗೆ ಕುಕುಮಿಸ್ ಮೆಲೊ, ವರ್ಣತಂತು 24. ಹೊಲದಲ್ಲಿ ಇವೆರಡೂ ಕೂಡೋದಿಲ್ಲ. ಇಬ್ಬಡ್ಲ ಮಾತ್ರ ಮೊಗೆಯ ದಾಯಾದಿ, ಅದೂ ಮೆಲೊನೇ. ಬೇಲಿ ಮೇಲೆ ತಾನಾಗಿ ಹುಟ್ಟುವ ಸಣ್ಣ ಕಹಿಕಾಯಿಯೂ ಅದೇ ಕುಲ. ಕುಮಟೆಯವರ ಸಾಂಬಾರು ಕೆಡಿಸಿದ್ದು ಅದೇ ಇರಬಹುದು.

ಅಕ್ಕಾ, ರುಚಿ ನೋಡಿ ಬೀಜದ ತೀರ್ಮಾನ ಆಗೋದಿಲ್ಲ. ತಿರುಳು ತಾಯಿಬಳ್ಳಿಯದ್ದು; ಬೆರಕೆಯಾಗಿದ್ದರೆ ಬೀಜದೊಳಗೆ ಇರ್ತದೆ, ಮುಂದಿನ ವರ್ಷದ ಕಾಯಲ್ಲೇ ಕಾಣೋದು. ದೂರ ನೆಡೋಣ ಅಂದ್ರೆ ನೂರಾರು ಮೀಟರ್ ಬೇಕು, ಯಾರ ಹಿತ್ತಲಲ್ಲಿದೆ? ಹಾಗಾಗಿ ಸಂಜೆಯೇ ನಾಳೆ ಅರಳೋ ಹೆಣ್ಣುಮೊಗ್ಗು, ಗಂಡುಮೊಗ್ಗು ಹುಡುಕಿ, ಜೇನ್ನೊಣ ಹೊಗದ ಹಾಗೆ ದಾರ ಕಟ್ಟಿ. ಬೆಳಗ್ಗೆ ಬಿಚ್ಚಿ, ಗಂಡುಹೂವನ್ನು ಹೆಣ್ಣಿಗೆ ತಾಗಿಸಿ ಮತ್ತೆ ಕಟ್ಟಿಬಿಡಿ. ಆ ಕಾಯಿಯ ತೊಟ್ಟಿಗೆ ಬಣ್ಣದ ನೂಲು ಸುತ್ತಿ, ಇಲ್ಲದಿದ್ರೆ ಮನೆಯವರು ಕೊಯ್ದು ಹುಳಿ ಮಾಡ್ತಾರೆ.

ಹಾಗಲದ ನೊಣಕ್ಕೆ ಕ್ಯೂ-ಲ್ಯೂರ್ (ಗಂಡುನೊಣ ಸೆಳೆಯೋ ವಾಸನೆಯ ಮದ್ದು) ಮೋಹಕ ಬಲೆ ಅಂತಲೇ ಕೇಳಿ ತನ್ನಿ. ಮಾವಿಗಿಡೋ ಮೀಥೈಲ್ ಯೂಜೆನಾಲ್‌ಗೆ ಈ ನೊಣ ಬರೋದಿಲ್ಲ. ಉದುರಿದ ಕಾಯಿ ಗೊಬ್ಬರಗುಂಡಿಗೆ ಹಾಕಬೇಡಿ, ಆಳಕ್ಕೆ ಹುಗೀರಿ.

ಗದ್ದೆಬೈಲು, ಕುಮಟಾ

ವರ್ಣತಂತು ನಿಮ್ಮ ಹತ್ರ ಇರಲಿ. ನಾ ಅಂತೂ ಎರಡನ್ನೂ ಒಂದೇ ಚಪ್ಪರಕ್ಕೆ ಹಾಕೂದಿಲ್ಲ.

ಹಿತ್ಲಮನೆ, ಶಿರಸಿ

ಸರಿ, ಈ ಬೀಜ ಬೇರೆ ಡಬ್ಬಿಗೆ, ಮೇಲೆ "ಇಬ್ಬಡ್ಲದ ಪಕ್ಕ" ಅಂತ ಚೀಟಿ. ಕೇಳಿದವರಿಗೆ ಹಾಗೇ ಹೇಳಿ ಕೊಡ್ತೇನೆ. ಅತ್ತೆ ಹತ್ರ ಹೋದ ವರ್ಷದ ಬೀಜ ಒಂದು ಪೊಟ್ಟಣ ಉಳಿದಿದೆಯಂತೆ. ಮುಂದಿನ ಮಳೆಗೆ ಅದನ್ನೇ ಹಾಕಿ, ದಾರ ಕಟ್ಟೋ ಕೆಲಸ ಮಗನಿಗೆ. ಕುಮಟೆಯ ಅಣ್ಣ, ದೀಪಾವಳಿ ಮುಗಿಸಿ ಘಟ್ಟ ಇಳೀತೇವೆ. ನಿಮ್ಮ ಹರಿವೆ ಬೀಜ ಒಂದು ಮುಷ್ಟಿ ತೆಗೆದಿಡಿ, ಕೆಂಪಿನದು.